ರಬ್ಬರ್ ಮರ ಕಲಿಸಿದ ಹೆಜ್ಜೆ

ಎಡಚರನ್ನು ಕಂಡರೆ ನನಗೆ ಮೈ ಉರಿಯುತ್ತಿದ್ದ ಕಾಲವೊಂದಿತ್ತು. ಬಸ್ಸಿನಲ್ಲಿ ಯಾವಳಾದರೂ ಎಡಗೈ ಬೆರಳಿನಿಂದ ಮೊಬೈಲ್ ಒತ್ತುವುದು ಕಂಡರೆ ಸಾಕು, ಇವಳೂ ಎಲ್ಲೋ ಗ್ಲೌಸ್ ಹಾಕಿಕೊಂಡು ನನಗಾಗಿಯೇ ಕಾಯುತ್ತಿದ್ದಾಳೆ ಎಂದು ಅನುಮಾನ ಬರುತ್ತಿತ್ತು. ಇದು ಬಹಳ ಹಿಂದಿನ ಮಾತೇನಲ್ಲ. ಪುತ್ತೂರಿನಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಾ, ಸಂಜೆ ಬಾಕ್ಸಿಂಗ್ ಕಲಿಯುತ್ತಿದ್ದಾಗಿನ ಕತೆ.

ನಾನು ಮೊದಲು ಗ್ಲೌಸ್ ಹಾಕಿದ್ದು ಪಿಯುಸಿಯಲ್ಲಿದ್ದಾಗ. ಅಡಿಕೆ ಗೋದಾಮಿನ ಮೇಲಿನ ಮಹಡಿಯಲ್ಲಿ ನಮ್ಮ ಜಿಮ್. ಆಗ ಅಲ್ಲಿ ಎಡಚನೆಂದು ಇದ್ದವನು ಒಬ್ಬನೇ. ನಾವೆಲ್ಲ ಎಡಗಾಲು, ಎಡಗೈ ಮುಂದಿಟ್ಟು, ಜೋರಿನ ಬಲಗೈಯನ್ನು ಗಲ್ಲದ ಬಳಿ ಕಾಯ್ದಿಟ್ಟುಕೊಂಡು ನಿಂತರೆ ಅವನು ತಿರುಗಾಮುರುಗ ನಿಲ್ಲುತ್ತಿದ್ದ. ಹೊರಗಿನಿಂದ ಯಾರಾದರೂ ಬಂದರೆ ಕೋಚ್ ಅವನನ್ನು ಎರಡು ತಲೆಯ ಕರುವಿನ ಹಾಗೆ ಕರೆದು ತೋರಿಸುತ್ತಿದ್ದರು. ಡಿಗ್ರಿ ಮುಗಿಯುವ ಹೊತ್ತಿಗೆ ಎಲ್ಲ ಅದಲುಬದಲಾಗಿತ್ತು. ಮಂಗಳೂರಿಗೆ ಹೋಗಲಿ, ಉಡುಪಿಗೆ ಹೋಗಲಿ, ಎದುರಿಗೆ ಬರುವವಳು ಬಲಗಾಲು ಮುಂದಿಟ್ಟುಕೊಂಡೇ ಬರುತ್ತಿದ್ದಳು.

ಇದಕ್ಕೆ ಕಾರಣ ತೀರಾ ಸಾದಾ. ಎಡಚರಿಗೆ ನಮ್ಮಂಥವರ ಜೊತೆ ಆಡಿ ದಿನವೂ ಅಭ್ಯಾಸ; ನಮಗೆ ಎಡಚರು ಸಿಗುವುದು ಅಪರೂಪ. ಹಾಗಾಗಿ ಅವರು ಗೆದ್ದರು. ಅವರು ಗೆದ್ದದ್ದನ್ನು ನೋಡಿ ಕೋಚ್‌ಗಳು ಹುಟ್ಟು ಬಲಗೈಯವರನ್ನೂ ಎಡಚರ ಹಾಗೆ ನಿಲ್ಲಿಸಲು ಶುರು ಮಾಡಿದರು. ಒಂದು ಸಂಜೆ ಒಬ್ಬರು ಮಗಳನ್ನು ಸೇರಿಸಲು ಬಂದು, "ನಮ್ಮವಳು ಎಡಗೈ ಸರ್, ಪೂರಾ ಎಡಗೈ" ಎಂದು ರ‍್ಯಾಂಕ್ ಬಂದಷ್ಟು ಹೆಮ್ಮೆಯಿಂದ ಹೇಳಿದರು. ಮನೆಯಲ್ಲಿ ಅದೇ ಮಗು ಎಡಗೈಯಲ್ಲಿ ಅನ್ನ ಮುಟ್ಟಿದರೆ ಅಜ್ಜಿ ಮಣಿಕಟ್ಟಿಗೆ ಒಂದು ಏಟು ಕೊಡುತ್ತಾರೆ. ನಮ್ಮ ಊರುಗಳಲ್ಲಿ ಎಲ್ಲರ ಮನೆಯೂ ಹಾಗೇ. ಉಣ್ಣುವುದು, ಬರೆಯುವುದು, ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲೇ. ಹಾಗಾಗಿ ಎದುರು ನಿಂತ ಎಡಚಿ ಹುಟ್ಟಿನಿಂದಲೇ ಎಡಚಿಯೋ, ಯಾರೋ ನಿಲ್ಲಿಸಿದ್ದೋ ಎಂದು ಅವಳ ಊಟದ ತಟ್ಟೆ ನೋಡಿ ಹೇಳುವ ಹಾಗಿಲ್ಲ. ಈ ವಿಷಯದಲ್ಲೇ ನಾನು ಮೋಸ ಹೋದದ್ದು.

ನಮ್ಮ ಮನೆ ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಗುಡ್ಡ ಹತ್ತಬೇಕು. ಅಪ್ಪನಿಗೆ ಗುಂಡ್ಯದಲ್ಲಿ ಪಂಕ್ಚರ್ ಅಂಗಡಿ. ಘಾಟಿ ಹತ್ತುವ ಲಾರಿಗಳು ಹೊತ್ತು ಗೊತ್ತು ನೋಡುವುದಿಲ್ಲವಾದ್ದರಿಂದ ಅವರ ಊಟ, ನಿದ್ದೆ ಎಲ್ಲ ಅಂಗಡಿಯಲ್ಲೇ. ಗುಡ್ಡದ ರಬ್ಬರ್ ಅಮ್ಮನದು. ಗಿಡ ನೆಟ್ಟವಳು ಅವಳು, ಕೆತ್ತಿದವಳು ಅವಳು, ಹಾಲು ಹೆಪ್ಪು ಹಾಕಿ ಶೀಟು ಮಾಡಿದವಳೂ ಅವಳೇ. ನಾನು ಹೇಳುತ್ತಿರುವ ಕಾಲಕ್ಕೆ ಎರಡು ಮಳೆಗಾಲ ಮುಂಚೆ ಅವಳ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು. ಜಡೆ ಹಾಕಿಕೊಳ್ಳಲೂ ಆಗದೆ ನನ್ನ ಮುಂದೆ ಬೆನ್ನು ಮಾಡಿ ಕೂರುತ್ತಿದ್ದಳು. ಅಂದಿನಿಂದ ಕತ್ತಿ ನನ್ನ ಕೈಗೆ ಬಂತು.

ರಬ್ಬರ್ ಕೆತ್ತುವುದು ಕೈಯ ಕೆಲಸ ಎಂದು ನೋಡುವವರು ತಿಳಿಯುತ್ತಾರೆ. ಅದು ಕಾಲಿನ ಕೆಲಸ. ತೊಗಟೆಯನ್ನು ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಓರೆಯಾಗಿ ಕೆತ್ತಬೇಕು. ಕತ್ತಿಯನ್ನು ತನ್ನತ್ತ ಎಳೆಯುತ್ತಾ, ಮರಕ್ಕೆ ಮುಖ ಮಾಡಿಕೊಂಡೇ, ಸುತ್ತಲೂ ಬಲಕ್ಕೆ ಬಲಕ್ಕೆ ಸರಿಯಬೇಕು. ಹೆಜ್ಜೆ ತಡವಾದರೆ ಗೀರು ಮುರಿಯುತ್ತದೆ. ಕತ್ತಿ ಆಳಕ್ಕೆ ಹೋದರೆ ಮರಕ್ಕೆ ಗಾಯ, ಆ ಜಾಗ ಗಂಟು ಕಟ್ಟಿಕೊಂಡು ಮುಂದೆ ಹಾಲು ಕೊಡುವುದಿಲ್ಲ. ಕಲಿಯುವಾಗ ಒಮ್ಮೆ ಬಲಗೈ ಸೋತು ಕತ್ತಿಯನ್ನು ಎಡಗೈಗೆ ದಾಟಿಸಿದ್ದೆ. ಅಮ್ಮ ಅಲ್ಲೇ ಕಿತ್ತುಕೊಂಡಳು. "ಅನ್ನ ಕೊಡುವ ಮರಕ್ಕೆ ಎಡಗೈಯಾ? ಎಂತ ಬುದ್ಧಿ ಇದು!" ಎಂದು ಆ ಬೆಳಗ್ಗೆ ಪೂರ್ತಿ ಮುಖ ಊದಿಸಿಕೊಂಡಿದ್ದಳು. ನೆಂಟರಿಗೆ ನೀರಿನ ಲೋಟವನ್ನು ಎಡಗೈಯಲ್ಲಿ ಕೊಟ್ಟರೂ ಅವಳಿಗೆ ಮರ್ಯಾದೆ ಹೋಗುತ್ತಿತ್ತು.

ಹೀಗೆ ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಗುಡ್ಡದಲ್ಲಿ ಬಲಕ್ಕೆ ಸುತ್ತುವುದು, ಕಾಲೇಜು ಮುಗಿಸಿ ಸಂಜೆ ರಿಂಗಿನಲ್ಲಿ ಸುತ್ತುವುದು. ರಿಂಗಿನಲ್ಲಿ ನನ್ನ ಕಾಲು ಚುರುಕೆಂದು ಹೆಸರಾಗಿತ್ತು. ಎದುರಾಳಿಯ ಬಲಗೈ ಹೊಡೆತ ಬರುವಷ್ಟರಲ್ಲಿ ನಾನು ಅಲ್ಲಿ ಇರುತ್ತಿರಲಿಲ್ಲ. ಎಡಚಿಯರ ಎದುರು ಮಾತ್ರ ತದ್ವಿರುದ್ಧ: ಎಲ್ಲಿ ಹೋದರೂ ಅವರ ಎಡಗೈ ನನಗಿಂತ ಮೊದಲೇ ಅಲ್ಲಿಗೆ ಬಂದು ಕೂತಿರುತ್ತಿತ್ತು. ಸೋತು ಸೋತು, ಕಣ್ಣಿನ ಕೆಳಗೆ ನೀಲಿ ಮಾಡಿಕೊಂಡು ಮನೆಗೆ ಹೋಗಿ ಅಮ್ಮನಿಗೆ ಸುಳ್ಳು ಹೇಳಿ ಸಾಕಾಗಿತ್ತು.

ಒಂದು ಸಂಜೆ ಕೋಚ್ ರಿಂಗಿನ ನೆಲಕ್ಕೆ ಕೇರಂ ಬೋರ್ಡಿನ ಪೌಡರ್ ಚೆಲ್ಲಿ ನನ್ನನ್ನು ಆಡಿಸಿದರು. ಮುಗಿದ ಮೇಲೆ ಬಗ್ಗಿ ಹೆಜ್ಜೆಗಳನ್ನು ನೋಡಿದರು. ಎಲ್ಲವೂ ಒಂದೇ ಕಡೆಗೆ ಸುತ್ತಿದ್ದವು.

"ಎಂತ ಮಾರಾಯ್ತಿ ಇದು? ಯಾವಾಗ ನೋಡಿದ್ರೂ ಬಲಕ್ಕೆ. ಯಾರ ಸುತ್ತ ತಿರುಗುದು ನೀನು?"

"ಮರದ ಸುತ್ತ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಬಲಗೈಯವಳ ಎದುರು ಬಲಕ್ಕೆ ಸರಿದರೆ ಅವಳ ಜೋರಿನ ಕೈಯಿಂದ ದೂರ ಹೋದ ಹಾಗೆ. ಎಡಚಿಯ ಎದುರು ಬಲಕ್ಕೆ ಸರಿದರೆ ನೆಟ್ಟಗೆ ಅವಳ ಜೋರಿನ ಎಡಗೈಯ ಬುಡಕ್ಕೆ. ಇಷ್ಟು ವರ್ಷ ಗೆಲ್ಲಿಸಿದ ಹೆಜ್ಜೆಯೇ ಈಗ ಸೋಲಿಸುತ್ತಿತ್ತು. ಆಯ್ಕೆಯ ಪಂದ್ಯ ಹತ್ತಿರ ಬಂದಿತ್ತು. ನನ್ನ ತೂಕದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಒಬ್ಬಳೇ. ಡಿಗ್ರಿ ಮುಗಿದರೆ ನನಗೆ ಮತ್ತೆ ಅವಕಾಶವಿಲ್ಲ.

"ಸೆಲೆಕ್ಷನ್ ಮುಗಿಯುವವರೆಗೆ ಕತ್ತಿ ಮುಟ್ಟಬೇಡ" ಎಂದರು ಕೋಚ್. "ಬೆಳಿಗ್ಗೆ ಬಲಕ್ಕೆ, ಸಂಜೆ ಎಡಕ್ಕೆ ಅಂದ್ರೆ ಕಾಲಿಗೆ ಎಂತ ಅರ್ಥ ಆಗ್ಬೇಕು?"

ಅವರಿಗೆ ಹೇಳುವುದು ಸುಲಭ. ಆ ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ತೆಗೆಯುವಾಗಲೇ ನನ್ನ ಮೇಲೆ ನನಗೆ ಅಸಹ್ಯವಾಯಿತು. ಹಾಲು ಚೆನ್ನಾಗಿ ಬರುವ ಚಳಿಗಾಲ, ಅಮ್ಮನ ಕೈ ಮೇಲೆ ಏಳುವುದಿಲ್ಲ, ನಾನು ಗುದ್ದಾಡಲು ರಜೆ ಕೇಳುತ್ತಿದ್ದೆ. ಅಮ್ಮ ಸಾರಿನ ಪಾತ್ರೆಯೊಳಗೆ ಸೌಟು ಆಡಿಸಿದಳು.

"ಎಡಕ್ಕೆ ಹೋದ್ರೆ ಗೆಲ್ತಿಯಾ?"

"ಹೇಳ್ಲಿಕ್ಕೆ ಆಗುದಿಲ್ಲ. ಬಲಕ್ಕೆ ಹೋದ್ರೆ ಸೋಲುದು ಮಾತ್ರ ಗ್ಯಾರಂಟಿ."

"ಹಾಗಾದ್ರೆ ಬೆಟ್ಟಂಪಾಡಿಗೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಇರು. ಇಲ್ಲಿದ್ರೆ ನೀನು ಕತ್ತಿ ಹಿಡಿಯದೆ ಇರ್ಲಿಕ್ಕಿಲ್ಲ. ಅಪ್ಪ ಬೆಳಿಗ್ಗೆ ಬಂದು ಕೆತ್ತುತ್ತಾರೆ, ನಾನು ಹೇಳ್ತೇನೆ."

ಅಪ್ಪನಿಗೆ ಕೆತ್ತಲು ಬರುತ್ತದೆ, ಅದು ನನಗೆ ಗೊತ್ತಿತ್ತು. ಅಂಗಡಿ ಬಿಟ್ಟು ಬರುತ್ತಾರೋ ಇಲ್ಲವೋ ಎಂದು ನಾನು ಕೇಳಬೇಕಿತ್ತು. ನಾನು ಬಟ್ಟೆ ತುಂಬಿಕೊಂಡೆ.

ಬೆಟ್ಟಂಪಾಡಿಯಲ್ಲಿ ಚಿಕ್ಕಮ್ಮನ ಅಂಗಳದ ತುಳಸಿಕಟ್ಟೆಯೇ ನನ್ನ ರಿಂಗ್. ಅದಕ್ಕೆ ಮುಖ ಮಾಡಿ, ಮುಷ್ಟಿ ಕಟ್ಟಿಕೊಂಡು, ಎಡಕ್ಕೆ ಎಡಕ್ಕೆ ಸರಿಯುತ್ತಾ ಸುತ್ತುವುದು. ಹಾಗೆ ಸುತ್ತಿದರೆ ಅದು ಸರಿಯಾದ ಪ್ರದಕ್ಷಿಣೆಯೇ ಆಗುತ್ತಿತ್ತು. "ತುಳಸಿಗೆ ಇಷ್ಟು ಸುತ್ತು ಬಂದವಳನ್ನು ನಾನು ಇಡೀ ತಾಲೂಕಿನಲ್ಲಿ ಕಾಣ್ಲಿಲ್ಲ. ಆದ್ರೆ ದೇವರಿಗೆ ಯಾಕೆ ಗುದ್ದುದು ಮಾರಾಯ್ತಿ?" ಎಂದು ಚಿಕ್ಕಮ್ಮ ಬೆಳಗ್ಗೆ ಸಂಜೆ ಕಾಲೆಳೆಯುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಬೆಳಗಿನ ಜಾವಕ್ಕೆ ಸರಿಯಾಗಿ ಎಚ್ಚರವಾಗಿ, ಹೊದಿಕೆಯೊಳಗೆ ಕಾಲು ತನ್ನಷ್ಟಕ್ಕೆ ಬಲಕ್ಕೆ ಮಿಡುಕುತ್ತಿತ್ತು. ಫೋನ್ ಮಾಡಿದಾಗಲೆಲ್ಲ ಅಮ್ಮನನ್ನು "ಅಪ್ಪ ಬಂದಿದ್ರಾ?" ಎಂದು ಕೇಳುತ್ತಿದ್ದೆ. "ಹ್ಞೂಂ. ನೀನು ಉಂಡ್ಯಾ?" ಎಂದು ಅವಳು ಮಾತು ತಿರುಗಿಸುತ್ತಿದ್ದಳು.

ಆಯ್ಕೆಯ ಪಂದ್ಯದಲ್ಲಿ ನನಗೆ ಎದುರಾಳಿ ಬೇರೆ ಯಾರೂ ಅಲ್ಲ, ನಮ್ಮ ಜಿಮ್ಮಿನವಳೇ. ಉಪ್ಪಿನಂಗಡಿಯ ಬ್ಯಾರಿ ಮನೆಯ ಹುಡುಗಿ, ಅಪ್ಪ ದುಬೈಯಲ್ಲಿ. ಮಂಗಳೂರಿನಲ್ಲಿ ಕಲಿತು, ಡಿಗ್ರಿಗೆ ಪುತ್ತೂರಿಗೆ ಬಂದು ನಮ್ಮಲ್ಲಿ ಸೇರಿದವಳು. ಹೆಡ್‌ಗಾರ್ಡಿನ ಕೆಳಗೆ ಕಪ್ಪು ಸ್ಕಾರ್ಫ್, ತುಂಬು ತೋಳಿನ ಅಂಗಿ, ಮತ್ತು ನಾನು ಕಂಡ ಎಡಗೈಗಳಲ್ಲೇ ಗಟ್ಟಿಯಾದ ಎಡಗೈ. ಅಭ್ಯಾಸ ಮುಗಿದ ಮೇಲೆ ಇಬ್ಬರೂ ಬಸ್‌ಸ್ಟ್ಯಾಂಡಿನ ಬಳಿ ಗೋಳಿಬಜೆ ತಿನ್ನುತ್ತಿದ್ದೆವು. ಅವಳು ಬಲಗೈಯಲ್ಲಿ ತಿನ್ನುತ್ತಿದ್ದಳು. ಪಾಪ, ಇವಳ ಮನೆಯಲ್ಲೂ ಮಣಿಕಟ್ಟಿಗೆ ಕೊಟ್ಟಿರಬೇಕು ಎಂದು ನಾನು ಅಂದುಕೊಂಡಿದ್ದೆ. ಹೆಸರುಗಳು ಪ್ರಕಟವಾದ ದಿನದಿಂದ ಗೋಳಿಬಜೆ ನಿಂತಿತು. ಅವಳಿಗೂ ಅದು ಕೊನೆಯ ವರ್ಷ. ಮೆಟ್ಟಿಲಲ್ಲಿ ಸಿಕ್ಕರೆ ಇಬ್ಬರೂ ಶೂ ಲೇಸ್ ನೋಡಿಕೊಳ್ಳುತ್ತಿದ್ದೆವು. ಕೋಚ್ ಇಬ್ಬರಿಗೂ ಬೇರೆ ಬೇರೆ ಹೊತ್ತು ಕೊಟ್ಟರು. ಪಂದ್ಯದ ದಿನ ರಿಂಗಿನಲ್ಲಿ ಯಾರ ಮೂಲೆಯಲ್ಲೂ ನಿಂತು ತಾವು ಹೇಳಿಕೊಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು.

ಪಂದ್ಯ ಬೆಳಿಗ್ಗೆ. ಕೈಗೆ ಸುತ್ತಿದ ಪಟ್ಟಿಯನ್ನು ಎರಡು ಸಲ ಬಿಚ್ಚಿ ಮತ್ತೆ ಸುತ್ತಿದೆ. ಹೆದರಿಕೆಯೇ ಅದು, ಬೇರೆ ಹೆಸರು ಬೇಡ. ಸೋಲುವ ಹೆದರಿಕೆಗಿಂತ, ಸೋತು ಮನೆಗೆ ಹೋಗಿ ಅಮ್ಮನ ಮುಖ ನೋಡುವ ಹೆದರಿಕೆ.

ಗಂಟೆ ಹೊಡೆಯಿತು. ನಾನು ಎಡಕ್ಕೆ ಹೋದೆ. ಅವಳ ಎಡಗೈ ಬಂತು, ಕಿವಿಯ ಪಕ್ಕದ ಗಾಳಿಗೆ ಬಿತ್ತು. ಮತ್ತೆ ಎಡಕ್ಕೆ. ಮತ್ತೊಮ್ಮೆ ಗಾಳಿಗೆ. ಅವಳ ಕಣ್ಣಿನಲ್ಲಿ ಒಂದು ಚಣ ಗಲಿಬಿಲಿ ಕಂಡಿತು. ತುಳಸಿಕಟ್ಟೆಗೆ ಮನಸ್ಸಿನಲ್ಲೇ ಕೈ ಮುಗಿದೆ. ಆದರೆ ನನ್ನ ಗಮನವೆಲ್ಲ ಕಾಲಿನಲ್ಲಿತ್ತು. ಎಡ, ಎಡ ಎಂದು ಒಳಗೇ ಪಾಠ ಒಪ್ಪಿಸುತ್ತಾ ಹೋದರೆ ಕೈ ಕೆಲಸ ಮಾಡುವುದು ಯಾವಾಗ? ಹೊಡೆತ ತಪ್ಪಿಸಿಕೊಂಡೆ, ಹೊಡೆಯಲಿಲ್ಲ. ಎರಡನೇ ರೌಂಡಿನಲ್ಲಿ ಅವಳಿಗೆ ಇದು ತಿಳಿಯಿತು. ನಾನು ಹೋಗುವ ದಾರಿಗೇ ಮುಂದಿನ ಬಲಗೈಯನ್ನು ಅಡ್ಡ ಹಾಕಿ, ನಿಲ್ಲಿಸಿ, ಎಡಗೈಯಿಂದ ಹೊಟ್ಟೆಗೆ ಕೊಟ್ಟಳು. ಉಸಿರು ಅರ್ಧಕ್ಕೆ ನಿಂತಿತು. ಸ್ಟೂಲಿನ ಮೇಲೆ ಕೂತಾಗ ನನ್ನ ಮೂಲೆಯವರು ಏನೋ ಹೇಳಿದರು, ಒಂದೂ ತಲೆಗೆ ಹೋಗಲಿಲ್ಲ. ನಾನು ಹಿಂದೆ ಇದ್ದೇನೆ ಎಂಬುದಷ್ಟು ಗೊತ್ತಿತ್ತು.

ಮೂರನೇ ರೌಂಡಿನ ಮೊದಲರ್ಧದಲ್ಲಿ ನನ್ನ ಕಾಲು ಸತ್ತಿತು. ಹಾಗೆಂದರೆ ನಿಂತಿತು ಎಂದಲ್ಲ. ನನ್ನ ಮಾತು ಕೇಳುವುದನ್ನು ಬಿಟ್ಟಿತು. ಎಡ ಎಂದೆ, ಬಲಕ್ಕೆ ಹೋಯಿತು. ಕೂಡಲೇ ಅವಳ ಎಡಗೈ ಕೆನ್ನೆಗೆ ಬಿತ್ತು, ಬಾಯೊಳಗೆ ರಕ್ತದ ರುಚಿ. ಮತ್ತೆ ಎಡ ಎಂದೆ, ಮತ್ತೆ ಬಲಕ್ಕೆ. ಮತ್ತೊಂದು ಬಿತ್ತು. "ಎಡಕ್ಕೆ! ಎಡಕ್ಕೆ!" ಎಂದು ಯಾರೋ ಕಿರುಚುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲಲ್ಲ, ನನ್ನ ಕಾಲಿನ ಮೇಲೆ, ಗುಡ್ಡದ ಮೇಲೆ, ಒಂದೊಂದು ಮರದ ಮೇಲೆ. ಆ ಸಿಟ್ಟಿನಲ್ಲೇ ಮುನ್ನುಗ್ಗಿ ಬಲಗೈಯನ್ನು ಅವಳ ಪಕ್ಕೆಗೆ ಬಿಟ್ಟೆ.

ಅದು ಸರಿಯಾಗಿ ತಾಗಿತು. ಅವಳು ತತ್ತರಿಸಿ ಹಿಂದೆ ಹೋದಳು. ಹೋಗಿ ಮತ್ತೆ ನಿಂತಾಗ ಎಡಗಾಲು ಮುಂದಿತ್ತು.

ಮೊದಲು ನನಗೆ ಅರ್ಥವಾಗಲಿಲ್ಲ. ಎಡಗಾಲು ಮುಂದೆ, ಎಡಗೈ ಮುಂದೆ, ಬಲಗೈ ಗಲ್ಲದ ಬಳಿ. ನನ್ನ ಹಾಗೆಯೇ ನಿಂತಿದ್ದಾಳೆ. ಇದು ಹೊಸ ಮೋಸ ಎಂದುಕೊಂಡೆ. ಆದರೆ ಅವಳ ಕಣ್ಣು ನೋಡಿದರೆ ಅವಳಿಗೇ ಅದು ಗೊತ್ತಿರಲಿಲ್ಲ. ನೋವಾದಾಗ, ಸುಸ್ತಾದಾಗ ದೇಹ ತನಗೆ ಮೊದಲು ಗೊತ್ತಿದ್ದ ಕಡೆಗೆ ಓಡಿ ಹೋಗುತ್ತದೆ. ಅವಳದು ಬಲಗೈಗೆ ಓಡಿತ್ತು, ನನ್ನದು ಮರಕ್ಕೆ. ಅವಳ ಬಲಗೈ ಬೀಸಿ ಬಂತು, ಪಳಗಿಸದ, ಹುಚ್ಚು ಹೊಡೆತ. ತಾಗಿದ್ದರೆ ನಾನು ಏಳುತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಕಾಲು ಯಾರ ಅಪ್ಪಣೆಗೂ ಕಾಯದೆ ಬಲಕ್ಕೆ ಸರಿದಿತ್ತು. ಹೊಡೆತ ಖಾಲಿ ಜಾಗಕ್ಕೆ ಹೋಯಿತು. ನನ್ನ ಬಲಗೈ ಅವಳ ಮುಖಕ್ಕೆ ಹೋಯಿತು. ಮತ್ತೆ ಬಲಕ್ಕೆ, ಮತ್ತೆ ಮುಖಕ್ಕೆ. ಈಗ ಒಳಗೆ ಪಾಠ ಇರಲಿಲ್ಲ. ಗೀರು ಮುರಿಯದ ಹಾಗೆ ಕೆತ್ತುತ್ತಾ ಹೋದೆ. ರೆಫರಿ ನಡುವೆ ಬಂದು ಅವಳಿಗೆ ಎಂಟರವರೆಗೆ ಎಣಿಸಿದರು. ಸ್ವಲ್ಪ ಹೊತ್ತಿಗೆ ಗಂಟೆಯಾಯಿತು.

ಕೊನೆಗೆ ರೆಫರಿ ಎತ್ತಿದ್ದು ನನ್ನ ಕೈ. ಎಷ್ಟು ಕಡಿಮೆ ಅಂತರವೆಂದರೆ ನಾನೇ ನಂಬದೆ ಎತ್ತಿದ ಕೈಯನ್ನು ನೋಡಿಕೊಂಡೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಗೋಡೆಗೆ ಒರಗಿ ಅಳುತ್ತಿದ್ದಳು. ಪಕ್ಕದಲ್ಲಿ ಕೂತೆ.

"ನೀನು ಎಡಚಿ ಅಲ್ವಾ?"

"ಯಾರು ಹೇಳಿದ್ದು ನಿನಗೆ?" ಎಂದಳು ಮೂಗೊರೆಸಿಕೊಂಡು. "ಮಂಗಳೂರಲ್ಲಿ ಕಲಿಸಿದವರು ನಿಲ್ಲಿಸಿದ್ದು ಹಾಗೆ. ಎಡಚಿಯಾದ್ರೆ ಗೆಲ್ಲುದು ಸುಲಭ ಅಂತ. ಇಷ್ಟು ವರ್ಷದಲ್ಲಿ ಕಾಲು ತಪ್ಪಿದ್ದೇ ಇಲ್ಲ. ಇವತ್ತೇ ತಪ್ಪಬೇಕಾ?"

"ನಾನು ತಿಳಿದದ್ದು ನಿನ್ನ ಮನೆಯವರು ಊಟದ ಕೈ ಮಾತ್ರ ಬದಲಿಸಿದ್ದು ಅಂತ."

ಅವಳು ಅಳುತ್ತಲೇ ನಕ್ಕಳು. ನನಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಗೆದ್ದದ್ದು ಒಂದು ಚಣ ಬೇಡವಾಯಿತು.

ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟೆ. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ, ಅಮ್ಮನ ಮುಖ ನೋಡಿ ಹೇಳಬೇಕಿತ್ತು. ಬಸ್ಸಿಳಿದು ರಬ್ಬರಿನ ನಡುವಿನ ಒಳದಾರಿ ಹಿಡಿದೆ. ಮೊದಲನೇ ಮರದ ಬಳಿಯೇ ಕಾಲು ನಿಂತಿತು.

ಗೀರು ಗೀರಿನ ಹಾಗಿರಲಿಲ್ಲ. ಅಲ್ಲಲ್ಲಿ ಮುರಿದು, ಅಲ್ಲಲ್ಲಿ ಆಳಕ್ಕಿಳಿದು, ಒಳಗಿನ ಬಿಳಿ ಕಟ್ಟಿಗೆ ಕಾಣುತ್ತಿತ್ತು. ಹಾಲು ದಾರಿ ತಪ್ಪಿ ತೊಗಟೆಯ ಮೇಲೆಲ್ಲ ಹರಿದು ಒಣಗಿತ್ತು, ಹಾಲು ಬೀಳಲು ಮರಕ್ಕೆ ಕಟ್ಟಿದ ಗೆರಟೆಯಲ್ಲಿ ತಳ ಮುಚ್ಚುವಷ್ಟೂ ಇಲ್ಲ. ಮುಂದಿನ ಮರವೂ ಹಾಗೇ. ಅದರ ಮುಂದಿನದೂ. ಕತ್ತಿ ಬಲದಿಂದ ಎಡಕ್ಕೆ ಹೋಗಿತ್ತು. ಅಮ್ಮ ಮಗುವಿನ ಹಾಗೆ ಸಾಕಿದ ಮರಗಳು. ಅಪ್ಪನ ಕೈ ಇಷ್ಟು ಕೆಡುವುದಿಲ್ಲ. ಯಾರ ಕೆಲಸವೆಂದು ತಿಳಿಯಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅಮ್ಮ ಕೊಟ್ಟಿಗೆಯ ಬದಿಯಲ್ಲಿ ಶೀಟಿನ ಮೆಷಿನಿನ ಹಿಡಿ ತಿರುಗಿಸುತ್ತಿದ್ದಳು, ಎಡಗೈಯಲ್ಲಿ. ಬಲಗೈ ಸೆರಗಿನ ಗಂಟಿನೊಳಗೆ ತೂಗುಬಿದ್ದಿತ್ತು.

"ಅಪ್ಪ ಒಂದು ದಿನವೂ ಬರ್ಲಿಲ್ಲ ಅಲ್ವಾ?" ನನ್ನ ಧ್ವನಿ ಗುಡ್ಡಕ್ಕೆಲ್ಲ ಕೇಳುವಷ್ಟು ಏರಿತು. "ಎಡಗೈಯಲ್ಲಿ ಕೆತ್ತಿದ್ದಾ? ಮರ ಎಲ್ಲ ಹಾಳಾಯ್ತು, ನೋಡಿದ್ಯಾ? ನನ್ನನ್ನು ಕರೆದ್ರೆ ಎಂತ ಆಗ್ತಿತ್ತು ನಿನಗೆ?"

"ಕರೆದಿದ್ರೆ ನೀನು ಬರ್ತಿದ್ದೆ" ಎಂದಳು ಅಮ್ಮ. "ಬಂದು ಕತ್ತಿ ಹಿಡಿತಿದ್ದೆ. ಕಾಲು ಮತ್ತೆ ಬಲಕ್ಕೆ ಹೋಗ್ಲಿಕ್ಕೆ ಕಲೀತಿತ್ತು."

ನನಗೆ ಅಳು ಬಂತು. ಸಿಟ್ಟೂ ಹಾಗೇ ಇತ್ತು. ಅನ್ನ ಕೊಡುವ ಮರಕ್ಕೆ ಎಡಗೈಯಾ ಎಂದು ಬೈದವಳು ಅವಳೇ. ನನ್ನ ಕಾಲು ಮರವನ್ನು ಮರೆಯಲಿ ಎಂದು ಅಷ್ಟೂ ಬೆಳಗು ಅವಳು ಕತ್ತಲಲ್ಲಿ ಒಬ್ಬಳೇ ಎಡಗೈಯಲ್ಲಿ ಕೆತ್ತಿದ್ದಳು. ಮರೆತಿದ್ದರೆ ನಾನು ಸೋಲುತ್ತಿದ್ದೆ.

ಅವಳು ಹಿಡಿ ಬಿಟ್ಟು ಹತ್ತಿರ ಬಂದು ನನ್ನ ಊದಿದ ಕೆನ್ನೆಯನ್ನು ನೋಡಿದಳು.

"ಎಂತಾಯ್ತು?"

"ಗೆದ್ದೆ."

ಅವಳ ಮುಖ ಅರಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕೇಳಿದಳು, "ಎಡಕ್ಕೆ ಹೋದ್ಯಾ?"

ಕೊಟ್ಟಿಗೆಯ ಆಚೆ ಗುಡ್ಡದ ಮೊದಲ ಸಾಲಿನ ಮರಗಳು ಕಾಣುತ್ತಿದ್ದವು.

"ಎಡಕ್ಕೇ ಹೋದೆ ಅಮ್ಮ."

"ಹಾಗಾದ್ರೆ ಮರ ತಡ್ಕೊಳ್ಳಲಿ" ಎಂದು ಅವಳು ಎಡಗೈಯಲ್ಲೇ ನನ್ನ ಕೆನ್ನೆ ಮುಟ್ಟಿದಳು.

ಮರುದಿನ ಬೆಳಗಿನ ಜಾವ ಮೇಣದ ಡಬ್ಬ ಹಿಡಿದು ಇಬ್ಬರೂ ಗುಡ್ಡಕ್ಕೆ ಹೋದೆವು. ಅಮ್ಮ ಟಾರ್ಚ್ ಹಿಡಿದಳು. ನಾನು ಮರಕ್ಕೆ ಮುಖ ಮಾಡಿ ಗಾಯಗಳಿಗೆ ಒಂದೊಂದಾಗಿ ಮೇಣ ಹಚ್ಚುತ್ತಾ ಸುತ್ತಿದೆ. ಟಾರ್ಚಿನ ಬೆಳಕು ಮರದ ಮೇಲಿಂದ ಜಾರಿ ನನ್ನ ಕಾಲಿನ ಮೇಲೆ ಬಂದು ನಿಂತಿತು. ಕಾಲು ಬಲಕ್ಕೇ ಹೋಗುತ್ತಿತ್ತು. ನಾನು ತಲೆ ಎತ್ತಲಿಲ್ಲ. ಅಮ್ಮ ಬೆಳಕನ್ನು ಮೆಲ್ಲನೆ ಎತ್ತಿ ಮತ್ತೆ ಗಾಯದ ಮೇಲೆ ಹಿಡಿದಳು.